ಅಪ್‌ಡೇಟ್: ಬಾವಿಯ ಮೃಗ ಸತ್ತರೆ ನಷ್ಟ ಯಾರಿಗೆ? ಉತ್ತರ ಸಿಕ್ಕಿತು

ಹೋದ ಸಲ ಕೇಳಿದ್ದೆನಲ್ಲ, ನನ್ನ ಕಾದಂಬರಿಯ ಚೆನ್ನಿ ಹದಿನೇಳರ ಹುಡುಗಿ, ರಾಕ್ಷಸ ಮೃಗಗಳ ಬೇಟೆಗಾರ್ತಿ. ನಗರದ ಬಾವಿಯಲ್ಲಿದ್ದ ಮೃಗವನ್ನು ಕೊಂದವಳನ್ನೇ ಊರ ದೊಡ್ಡವರು ಸೆರೆಗೆ ಹಾಕಬೇಕು, ಕಾರಣ ಹೊಳೆಯುತ್ತಿಲ್ಲ ಅಂತ. ಮೃಗ ಇದ್ದರೆ ಲಾಭ ಯಾರಿಗೆ ಅಂತ ಮೊದಲು ಹುಡುಕು ಅಂದಿರಿ. ಆ ಮಾತೇ ದಾರಿ ತೋರಿಸಿತು.

ಗದಗಿನಿಂದ ಲಕ್ಕುಂಡಿ ಹತ್ತಿರವೇ, ಹೋಗಿ ಬಂದೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಚೆಂದವೇ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲಿಳಿದರೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳು. ಮೃಗದ ವಾಸ ಅಲ್ಲೇ ಅಂತ ತೀರ್ಮಾನವಾಯಿತು.

ಇನ್ನು ಒಳಸಂಚು. ಲಕ್ಕುಂಡಿ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಗೆ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗಕ್ಕೆ, ಹೆಸರಾದ ಊರು. ನನ್ನ ಕಲ್ಪನೆಯ ನಗರದಲ್ಲೂ ಟಂಕಸಾಲೆ ಬಾವಿಯ ಪಕ್ಕಕ್ಕೇ ಇದೆ. ಮೃಗದ ಭಯಕ್ಕೆ ರಾತ್ರಿ ಆ ಕಡೆ ಯಾರೂ ಸುಳಿಯುವುದಿಲ್ಲ, ಅಧಿಕಾರಿಗಳು ಆರಾಮಾಗಿ ಚಿನ್ನಕ್ಕೆ ತಾಮ್ರ ಬೆರೆಸುತ್ತಾರೆ. ಚೆನ್ನಿಗೆ ಕೊಟ್ಟ ಬಹುಮಾನದ ನಾಣ್ಯವನ್ನು ಅಕ್ಕಸಾಲಿಗ ಅಜ್ಜ ಒರೆಗಲ್ಲಿಗೆ ತಿಕ್ಕುತ್ತಾನೆ. ಗೆರೆ ಕೆಂಪಗೆ ಬೀಳುತ್ತದೆ. "ತಂಗಿ, ಇದನ್ನ ಯಾರಿಗೂ ತೋರಿಸಬ್ಯಾಡ" ಅಂತಾನೆ. ಅವಳು ನೇರವಾಗಿ ಸಭೆಗೇ ಒಯ್ಯುತ್ತಾಳೆ! ಈ ಅಧ್ಯಾಯ ಬರೆಯುವಾಗ ನನಗೇ ಮೈ ಜುಮ್ಮೆಂದಿತು.

ದಂಡನಾಯಕನ ಪಾತ್ರ ಮಾತ್ರ ಇನ್ನೂ ಕೂತಿಲ್ಲ. ಅವನಿಗೆ ಮೋಸ ಗೊತ್ತು, ಆದರೆ ಸೈನ್ಯದ ಸಂಬಳ ಅದೇ ನಾಣ್ಯದಲ್ಲಿ ಹೋಗುತ್ತದೆ. ಸಭೆಯಲ್ಲಿ ಅವನು ಚೆನ್ನಿಯ ಪರ ಏಳಬೇಕೋ, ಸುಮ್ಮನಿರಬೇಕೋ? ನಿಮಗೇನನ್ನಿಸುತ್ತದೆ, ಹೇಳ್ರಿ.