ಮಲದಲ್ಲಿ ರಕ್ತ: ರಾತ್ರಿ ಸಿಟಿ ಸ್ಕ್ಯಾನ್ ಎಂದವರು ಬೆಳಿಗ್ಗೆ ಬೇಡ ಎಂದದ್ದೇಕೆ?

ಪ್ರಶ್ನೆ (ಚಳ್ಳಕೆರೆಯಿಂದ): ನಮಸ್ಕಾರ ಡಾಕ್ಟರೇ. ನಮ್ಮ ತಂದೆಯವರಿಗೆ 71 ವರ್ಷ. ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ, ಆಸ್ಪಿರಿನ್ ಮಾತ್ರೆ ನಡೆಯುತ್ತಿದೆ. ಮೊನ್ನೆ ಮಧ್ಯಾಹ್ನದಿಂದ ಮಲದ ಜೊತೆ ಕೆಂಪು ರಕ್ತ ಹೆಪ್ಪುಹೆಪ್ಪಾಗಿ ಹೋಗತೊಡಗಿತು. ನೋವೇನೂ ಇರಲಿಲ್ಲ. ಚಿತ್ರದುರ್ಗದಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದೆವು, ನಾರ್ಮಲ್ ಎಂದು ಬಂತು. ರಾತ್ರಿ ದಾವಣಗೆರೆಗೆ ಕರೆತಂದೆವು. ಇಲ್ಲಿಯ ವೈದ್ಯರು ಮೊದಲು ತುರ್ತಾಗಿ ಸಿಟಿ ಆಂಜಿಯೋಗ್ರಾಂ ಬೇಕಾಗಬಹುದು ಎಂದರು. ಬೆಳಿಗ್ಗೆ ನೋಡಿದರೆ ಅದು ಬೇಡ, ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡೋಣ ಎನ್ನುತ್ತಿದ್ದಾರೆ. ರಾತ್ರಿ ಕಳೆಯುವುದರೊಳಗೆ ಮಾತು ಬದಲಾಯಿತಲ್ಲ ಎಂದು ನಮ್ಮಣ್ಣನಿಗೆ ಅನುಮಾನ. ದಯವಿಟ್ಟು ತಿಳಿಸಿ.

ಉತ್ತರ (ರೇಡಿಯಾಲಜಿ ವೈದ್ಯ, ದಾವಣಗೆರೆ): ನಿಮ್ಮಣ್ಣನವರಿಗೆ ಸಮಾಧಾನ ಹೇಳಿ. ಬದಲಾದದ್ದು ವೈದ್ಯರ ಮಾತಲ್ಲ, ನಿಮ್ಮ ತಂದೆಯವರ ಸ್ಥಿತಿ. ರಾತ್ರಿ ರಕ್ತ ಹರಿಯುತ್ತಿತ್ತು, ಬೆಳಿಗ್ಗೆಗೆ ನಿಂತಿರಬೇಕು. ದೊಡ್ಡ ಕರುಳಿನ ರಕ್ತಸ್ರಾವ ನೂರರಲ್ಲಿ ಸುಮಾರು 80 ಮಂದಿಗೆ ತಾನಾಗಿಯೇ ನಿಲ್ಲುತ್ತದೆ. ಸಿಟಿ ಆಂಜಿಯೋಗ್ರಾಂ, ಎಂದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್, ಹಿಡಿಯುವುದು ಮುಖ್ಯವಾಗಿ ಆ ಗಳಿಗೆಯಲ್ಲಿ ಸೋರುತ್ತಿರುವ ರಕ್ತವನ್ನು. ನಿಂತ ಮೇಲೆ ಮಾಡಿದರೆ ಹೆಚ್ಚಾಗಿ ಏನೂ ಕಾಣುವುದಿಲ್ಲ.

ಹೇಗೆ ಹಿಡಿಯುತ್ತದೆ ಎಂದು ಹೇಳುತ್ತೇನೆ. ಮೊದಲು ಔಷಧಿ ಕೊಡದೆ ಒಂದು ಸಲ ಹೊಟ್ಟೆಯನ್ನು ಸ್ಕ್ಯಾನ್ ಮಾಡುತ್ತೇವೆ. ಆಮೇಲೆ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿಯನ್ನು ರಭಸವಾಗಿ ಬಿಡುತ್ತೇವೆ. ಮೈಯೆಲ್ಲ ಬಿಸಿಯಾಗಿ, ಮೂತ್ರ ಹೋಗಿಬಿಟ್ಟಿತೇನೋ ಎನ್ನಿಸುತ್ತದೆ. ಹೋಗಿರುವುದಿಲ್ಲ, ಗಾಬರಿ ಬೇಡ. ಔಷಧಿ ಅಪಧಮನಿಯಲ್ಲಿ ತುಂಬಿದಾಗ ಒಂದು ಸಲ, ಅಭಿಧಮನಿಗೆ ಬಂದಾಗ ಇನ್ನೊಂದು ಸಲ ಚಿತ್ರ ತೆಗೆಯುತ್ತೇವೆ. ಕರುಳಿನೊಳಗೆ ಮೊದಲ ಚಿತ್ರದಲ್ಲಿ ಇಲ್ಲದ ಬಿಳಿ ಚುಕ್ಕೆಯೊಂದು ಎರಡನೆಯದರಲ್ಲಿ ಮೂಡಿ, ಮೂರನೆಯದರಲ್ಲಿ ಹರಡಿಕೊಂಡಿದ್ದರೆ ಸೋರುತ್ತಿರುವ ಜಾಗ ಅದೇ. ಔಷಧಿಗೆ ಮುಂಚಿನ ಚಿತ್ರವಿಲ್ಲದಿದ್ದರೆ, ಕರುಳಿನಲ್ಲಿ ಕುಳಿತ ಮಾತ್ರೆಯ ಚೂರನ್ನೇ ರಕ್ತವೆಂದು ಓದುವ ಅಪಾಯವಿದೆ. ಈ ಪರೀಕ್ಷೆಗೆ ಮುಂಚೆ ಕುಡಿಯುವ ಕಾಂಟ್ರಾಸ್ಟ್ ಕೂಡ ಕೊಡುವುದಿಲ್ಲ. ಕರುಳೆಲ್ಲ ಬೆಳ್ಳಗಾದರೆ ಸೋರಿದ ರಕ್ತವನ್ನು ಎಲ್ಲಿ ಹುಡುಕುವುದು?

ನಿಮಿಷಕ್ಕೆ ಸುಮಾರು 0.3ರಿಂದ 0.5 ಮಿಲಿಲೀಟರ್, ಎಂದರೆ ಐದಾರು ಹನಿಯಿಂದ ಹತ್ತು ಹನಿ, ಸೋರುತ್ತಿದ್ದರೆ ಸಿಟಿಗೆ ಸಿಗುತ್ತದೆ. ಕರುಳು ತೊಳೆದುಕೊಳ್ಳುವ ಗೋಜಿಲ್ಲ, ಕೆಲವೇ ನಿಮಿಷದ ಕೆಲಸ. ಆದ್ದರಿಂದ ರಕ್ತದೊತ್ತಡ ಕುಸಿದು ನಾಡಿ ಓಡುತ್ತಿರುವ ರೋಗಿಗೆ ಮೊದಲು ಅದನ್ನೇ ಆರಿಸುತ್ತೇವೆ. ಜಾಗ ಗೊತ್ತಾದರೆ ತೊಡೆಸಂದಿಯ ಅಪಧಮನಿಯಿಂದ ತೆಳುವಾದ ಕೊಳವೆಯನ್ನು ಅಲ್ಲಿಯವರೆಗೂ ತೂರಿಸಿ, ಸಣ್ಣ ಕಾಯಿಲ್ (ಲೋಹದ ಸುರುಳಿ) ಇಟ್ಟು ರಕ್ತ ಸೋರುವ ಕವಲನ್ನು ಮುಚ್ಚಬಹುದು. ಕರುಳಿನ ಆ ತುಂಡಿಗೆ ರಕ್ತ ಸಾಲದೆ ಹೋಗುವ ಅಪಾಯವಿರುವುದರಿಂದ, ಎಷ್ಟು ಆಳಕ್ಕೆ ಹೋಗಿ ಎಷ್ಟು ಸಣ್ಣ ಕವಲನ್ನು ಮುಚ್ಚಿದರೆ ಅಷ್ಟು ಒಳ್ಳೆಯದು.

ಸ್ಥಿತಿ ಸ್ಥಿರವಾಗಿದ್ದವರಿಗೆ ಕೊಲೊನೋಸ್ಕೋಪಿಯೇ ಸರಿ. ಕಣ್ಣಾರೆ ನೋಡಿ, ಬೇಕಾದರೆ ಅಲ್ಲಿಯೇ ಕ್ಲಿಪ್ ಹಾಕಬಹುದು, ತುಂಡು ತೆಗೆದು ಬಯಾಪ್ಸಿಗೆ ಕಳಿಸಬಹುದು. ಕಷ್ಟವಿರುವುದು ತಯಾರಿಯಲ್ಲಿ. ಪುಡಿ ಕಲಸಿದ ನೀರನ್ನು ಲೀಟರ್‌ಗಟ್ಟಲೆ ಕುಡಿಯಬೇಕು. ತಂದೆಯವರು ಮುಖ ಸಿಂಡರಿಸಿದರೂ ಕುಡಿಸಿ. ಮಲ ಉಳಿದ ಕರುಳಿನಲ್ಲಿ ಏನೂ ಕಾಣುವುದಿಲ್ಲ.

ಅಲ್ಟ್ರಾಸೌಂಡ್ ಬಗ್ಗೆ: ಕರುಳಿನ ಗಾಳಿಯನ್ನು ದಾಟಿ ಶಬ್ದತರಂಗ ಹೋಗುವುದಿಲ್ಲ. ಪಿತ್ತಕೋಶ, ಮೂತ್ರಪಿಂಡಗಳಿಗೆ ಅದು ಬಲು ಒಳ್ಳೆಯ ಪರೀಕ್ಷೆ, ರಕ್ತಸ್ರಾವದ ಜಾಗ ಹುಡುಕಲು ಅಲ್ಲ. ಅಲ್ಲಿ ನಾರ್ಮಲ್ ಬಂದಿತೆಂದು ನೆಮ್ಮದಿಯಿಂದ ಮನೆಗೆ ಹೋಗದೆ ದಾವಣಗೆರೆಗೆ ಬಂದಿರಲ್ಲ, ಅದು ಒಳ್ಳೆಯದಾಯಿತು. ಆಸ್ಪಿರಿನ್ನನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇದ್ದವರ ವಿಷಯದಲ್ಲಿ ಹೃದಯದ ವೈದ್ಯರನ್ನು ಕೇಳದೆ ಆ ನಿರ್ಧಾರ ಮಾಡುವಂತಿಲ್ಲ.

ಪ್ರಶ್ನೆ (ಹರಿಹರದಿಂದ): ಸರ್, ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ ಜಾಸ್ತಿ. ಬಿಟ್ಟುಬಿಟ್ಟು ರಕ್ತ ಹೋಗುತ್ತದೆ. ಬೆಂಗಳೂರಿನಲ್ಲಿ ನ್ಯೂಕ್ಲಿಯರ್ ಸ್ಕ್ಯಾನ್ ಎಂದಿದ್ದಾರೆ. ಹೆಸರು ಕೇಳಿಯೇ ಭಯವಾಗುತ್ತಿದೆ.

ಉತ್ತರ: ಭಯ ಬೇಡ. ಅವರದೇ ರಕ್ತವನ್ನು ಸ್ವಲ್ಪ ತೆಗೆದು, ಕೆಂಪು ಕಣಗಳಿಗೆ ಟೆಕ್ನೀಶಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತುವನ್ನು ಅಂಟಿಸಿ ಮತ್ತೆ ಒಳಗೆ ಬಿಡುತ್ತಾರೆ. ಅದರ ಅರ್ಧಾಯುಷ್ಯ 6 ಗಂಟೆ, ಎಂದರೆ ಅಷ್ಟರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ವಿಕಿರಣ ಇದ್ದರೂ ಬೇಗ ಇಳಿದುಹೋಗುತ್ತದೆ. ಮೂತ್ರಪಿಂಡಕ್ಕೆ ಹೊರೆಯಾಗುವ ಅಯೋಡಿನ್ ಔಷಧಿ ಇದರಲ್ಲಿಲ್ಲ. ನಿಮಿಷಕ್ಕೆ 0.1 ಮಿಲಿಲೀಟರ್‌ನಷ್ಟು ಸಣ್ಣ ಸೋರಿಕೆಯೂ ಸಿಕ್ಕಬಹುದು. ಗಂಟೆಗಟ್ಟಲೆ ಬಿಟ್ಟುಬಿಟ್ಟು ಚಿತ್ರ ತೆಗೆಯಬಹುದಾದ್ದರಿಂದ, ನಿಂತು ಮತ್ತೆ ಶುರುವಾಗುವ ರಕ್ತಸ್ರಾವಕ್ಕೆ ಇದು ಹೊಂದುತ್ತದೆ. ಕೊರತೆಯೆಂದರೆ ಜಾಗ ಕರಾರುವಾಕ್ಕಾಗಿ ತಿಳಿಯುವುದಿಲ್ಲ. ಸೋರಿದ ರಕ್ತ ಕರುಳಿನಲ್ಲಿ ಮುಂದಕ್ಕೆ ಹರಿದಿರುತ್ತದೆ. ಈ ಸ್ಕ್ಯಾನ್ ಒಂದನ್ನೇ ನಂಬಿ ಕರುಳು ಕತ್ತರಿಸಲು ನಾನಂತೂ ಯಾವ ಸರ್ಜನ್‌ಗೂ ಹೇಳಲಾರೆ.

ಪ್ರಶ್ನೆ (ಹೊಳಲ್ಕೆರೆಯಿಂದ): ಅಕ್ಕನ ಮಗನಿಗೆ ಮೂರು ವರ್ಷ. ನೋವಿಲ್ಲದೆ ರಕ್ತ ಹೋಗಿ ಬಿಳಿಚಿಕೊಂಡಿದ್ದಾನೆ. ಮೂಲವ್ಯಾಧಿ ಇರಬೇಕು ಎಂದು ಊರಿನಲ್ಲಿ ಔಷಧಿ ಕೊಡಿಸಿದ್ದಾರೆ.

ಉತ್ತರ: ನಮ್ಮ ಕಡೆ ಕೆಂಪು ಕಂಡರೆ ಎಲ್ಲವೂ ಮೂಲವ್ಯಾಧಿಯೇ. ಮೂರು ವರ್ಷದ ಮಗುವಿಗೆ ಆ ಮಾತು ಹೊಂದುವುದಿಲ್ಲ. ಬಿಳಿಚಿಕೊಂಡಿದ್ದಾನೆ ಎನ್ನುತ್ತೀರಿ, ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಸಣ್ಣ ಕರುಳಿನಲ್ಲಿ ಹುಟ್ಟಿನಿಂದಲೇ ಉಳಿಯುವ ಮೆಕೆಲ್ ಚೀಲ ಕಾರಣವಿರಬಹುದು. ಅದರೊಳಗೆ ಕೆಲವೊಮ್ಮೆ ಜಠರದ ಒಳಪದರವೇ ಇದ್ದು, ಆಮ್ಲ ಸುರಿಸಿ ಪಕ್ಕದ ಕರುಳಿನಲ್ಲಿ ಹುಣ್ಣು ಮಾಡುತ್ತದೆ. ಟೆಕ್ನೀಶಿಯಂನದೇ ಇನ್ನೊಂದು ರೂಪವನ್ನು ಆ ಪದರ ಹೀರಿಕೊಳ್ಳುವುದರಿಂದ ಮೆಕೆಲ್ ಸ್ಕ್ಯಾನ್‌ನಲ್ಲಿ ಅದು ಕಾಣುತ್ತದೆ. ಇದಕ್ಕೆ ಆಗ ರಕ್ತ ಹರಿಯುತ್ತಿರಲೇಬೇಕೆಂದಿಲ್ಲ.

ಪ್ರಶ್ನೆ (ದಾವಣಗೆರೆಯಿಂದ): ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿದರೆ ಇವೆಲ್ಲ ರಗಳೆ ತಪ್ಪುವುದಿಲ್ಲವೇ?

ಉತ್ತರ: ಮೇಲಿನಿಂದಲೂ ಕೆಳಗಿನಿಂದಲೂ ಎಂಡೋಸ್ಕೋಪಿ ಮಾಡಿ ಏನೂ ಸಿಗದಿದ್ದಾಗ ಸಣ್ಣ ಕರುಳಿಗೆ ಅದು ಒಳ್ಳೆಯದು. ಆದರೆ ಕರುಳಿನ ಕ್ಷಯ ನಮ್ಮಲ್ಲಿ ಅಪರೂಪವಲ್ಲ, ಅದರಿಂದ ಕರುಳು ಕಿರಿದಾಗಿದ್ದರೆ ಕ್ಯಾಪ್ಸೂಲ್ ಅಲ್ಲಿಯೇ ಸಿಕ್ಕಿಕೊಳ್ಳಬಹುದು. ಸಂಶಯವಿದ್ದರೆ ಮೊದಲು ಸಿಟಿ ಎಂಟರೋಗ್ರಫಿ, ಎಂದರೆ ಸಣ್ಣ ಕರುಳನ್ನು ತೋರಿಸುವ ಸಿಟಿ ಸ್ಕ್ಯಾನ್.

ಪ್ರಶ್ನೆ (ಚಳ್ಳಕೆರೆಯವರು ಮತ್ತೆ): ಡಾಕ್ಟರೇ, ಕೊಲೊನೋಸ್ಕೋಪಿ ಆಯಿತು. ದೊಡ್ಡ ಕರುಳಿನ ಬಲಭಾಗದಲ್ಲಿ ಡೈವರ್ಟಿಕುಲ ಇವೆ, ಈಗ ರಕ್ತ ನಿಂತಿದೆ ಎಂದರು. ನಾಳೆ ಮನೆಗೆ ಕಳಿಸುತ್ತಾರಂತೆ.

ಉತ್ತರ: ಕರುಳಿನ ಗೋಡೆಯಲ್ಲಿ ಮೂಡುವ ಪುಟ್ಟ ಚೀಲಗಳವು. ನಮ್ಮ ಏಷ್ಯಾದವರಲ್ಲಿ ಬಲಭಾಗದಲ್ಲಿ ಸಿಗುವುದೇ ಹೆಚ್ಚು. ಮತ್ತೆ ರಕ್ತ ಬರಬಹುದು. ಬಂದರೆ ಊರಲ್ಲಿ ಕಾಯದೆ, ರಾತ್ರಿಯೂ ಸಿಟಿ ನಡೆಯುವ ಆಸ್ಪತ್ರೆಗೆ ನೇರವಾಗಿ ಹೊರಡಿ. ಎದೆನೋವು, ತಲೆಸುತ್ತು, ಬೆವರು ಇದ್ದರೆ 108ಕ್ಕೆ ಕರೆ ಮಾಡಿ. ಕ್ರಿಯಾಟಿನಿನ್ ವರದಿ ಮತ್ತು ಔಷಧಿಯ ಚೀಟಿ ಕೈಯಲ್ಲಿರಲಿ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮುಂಚೆ ಕಾಂಟ್ರಾಸ್ಟ್‌ನಿಂದ ಅಲರ್ಜಿ ಆಗಿದ್ದರೆ ಬಾಗಿಲಲ್ಲೇ ಹೇಳಿ. ಇನ್ನೊಂದು, ರಕ್ತ ವಿಪರೀತ ಹೋಗುತ್ತಿದ್ದರೆ ಬಾಯಿಯಿಂದ ಎಂಡೋಸ್ಕೋಪಿ ಮಾಡೋಣ ಎಂದರೂ ಜಗಳವಾಡಬೇಡಿ. ಅಂಥವರಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿಗೆ ಸೋರಿಕೆ ಜಠರದ ಕಡೆಯದೇ ಆಗಿರುತ್ತದೆ.