ಹಳೇ ಕಾರ್ಖಾನೆ ಜಾಗಕ್ಕೆ ಹೊಸ ಪೈಪು: ಆಕ್ಷೇಪಣೆ ಕೊಡುವ ಮುಂಚೆ ಎಲ್ಲರೂ ಓದಿ

ಮೂಲೆ ಮನೆ, 4ನೇ ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ಹಳೇ ಕಾರ್ಖಾನೆ ಜಾಗದಲ್ಲಿ ಫ್ಲಾಟು ಕಟ್ಟುವ ಹೊಸ ನಕ್ಷೆಗೆ ನಮ್ಮ ಸಂಘದಿಂದ ಆಕ್ಷೇಪಣೆ ಪತ್ರ ಹೋಗಬೇಕಲ್ಲ, ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಿನ್ನೆ ಸಂಜೆ ಹಳೇ ಕಾರ್ಖಾನೆಯ ಗೋಡೆ ಪಕ್ಕ ನಡೆದು ಬರುತ್ತಿದ್ದೆ. ಹೊಸ ಫ್ಲಾಟುಗಳಿಗೆ ಕುಡಿಯುವ ನೀರಿನ ಪೈಪು ಹಾಕಲು ಅಗೆದಿದ್ದಾರೆ. ಎದೆಮಟ್ಟ ಆಳ ಇದೆ. ಮೇಲೆ ಒಂದಡಿ ಹೊರಗಿನಿಂದ ತಂದು ತುಂಬಿದ ಮಣ್ಣು. ಅದರ ಕೆಳಗೆ ಎಲ್ಲಾ ಕಪ್ಪು. ತಳದಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಪೊರೆ, ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಬರುತ್ತಲ್ಲ, ಅದೇ ವಾಸನೆ. ಆ ಮಣ್ಣಿನ ಮೇಲೇ ಮಾಮೂಲಿ ಪ್ಲಾಸ್ಟಿಕ್ ಪೈಪು ಇಳಿಸುತ್ತಿದ್ದರು.

ಕೆಲಸದವರನ್ನು ಕೇಳಿದೆ. "ಪೈಪಿನ ಒಳಗೆ ನೀರು ಒತ್ತಡದಲ್ಲಿ ಇರುತ್ತದೆ, ಹೊರಗಿನದು ಒಳಗೆ ಬರಲ್ಲ ಬಿಡಿ" ಅಂದರು. ನನಗೆ ಸಮಾಧಾನ ಆಗಲಿಲ್ಲ. ಈ ಪೈಪು ನಮ್ಮ ಅಡ್ಡರಸ್ತೆಯ ಪೈಪಿಗೇ ಬಂದು ಸೇರುತ್ತದೆ. ನಾಳೆ ಆ ನೀರನ್ನು ಕುಡಿಯುವವರು ನಾವೇ ಅಲ್ವಾ? ಎಂಜಿನಿಯರ್ ಸರ್, ಇದರ ಬಗ್ಗೆ ನೀವೇ ಹೇಳಬೇಕು.

ನಿವೃತ್ತ ಎಂಜಿನಿಯರ್, 1ನೇ ಅಡ್ಡರಸ್ತೆ

ನೀವು ನಿಂತು ನೋಡಿದ್ದು ಬಹಳ ಒಳ್ಳೆಯದಾಯಿತಮ್ಮ. ಒತ್ತಡ ಇದ್ದರೆ ಸಾಕು ಅನ್ನುವುದು ತಪ್ಪು. ಪೆಟ್ರೋಲಿನಲ್ಲಿ ಇರುವ ಬೆಂಜೀನ್, ಟಾಲ್ವೀನ್ ತರಹದ ರಾಸಾಯನಿಕಗಳು, ಯಂತ್ರದ ಗ್ರೀಸ್ ತೊಳೆಯುವ ದ್ರಾವಕಗಳು ಪ್ಲಾಸ್ಟಿಕ್ಕಿನ ಗೋಡೆಯಲ್ಲೇ ಇಂಗಿ ಒಳಗಿನ ನೀರಿಗೆ ಸೇರುತ್ತವೆ. ಅದಕ್ಕೆ ತೂತು ಬೇಕಿಲ್ಲ, ಸೋರಿಕೆಯೂ ಬೇಕಿಲ್ಲ. ಒಳಗಿನ ಒತ್ತಡ ಅದನ್ನು ತಡೆಯುವುದಿಲ್ಲ. ಕರಿ ಪಾಲಿಥೀನ್ ಪೈಪಿನಲ್ಲಿ ಇದು ಸುಲಭ. ಪಿವಿಸಿ ಸ್ವಲ್ಪ ತಡೆಯುತ್ತದೆ, ಆದರೆ ದ್ರಾವಕ ಜಾಸ್ತಿ ಇದ್ದರೆ ಅದೂ ಮೆತ್ತಗಾಗುತ್ತದೆ. ರಾತ್ರಿಯೆಲ್ಲಾ ನಲ್ಲಿ ತಿರುಗಿಸದೆ ನೀರು ಪೈಪಿನಲ್ಲೇ ನಿಂತಿದ್ದರೆ ಬೆಳಗಿನ ಮೊದಲ ಬಿಂದಿಗೆಯಲ್ಲಿ ಅದರ ಪಾಲು ಜಾಸ್ತಿ.

ಇಂಥ ಜಾಗಕ್ಕೆ ಡಕ್ಟೈಲ್ ಕಬ್ಬಿಣದ ಪೈಪು ಹಾಕುತ್ತಾರೆ. ಇಲ್ಲವೇ ಎರಡು ಪ್ಲಾಸ್ಟಿಕ್ ಪದರದ ನಡುವೆ ಅಲ್ಯೂಮಿನಿಯಂ ಹಾಳೆ ಇರುವ ತಡೆಪೈಪು. ಕಬ್ಬಿಣ ಹಾಕಿದರೂ ಕೀಲಿನ ರಬ್ಬರ್ ಯಾವುದು ಅಂತ ಕೇಳಬೇಕು. ಮಾಮೂಲಿ ರಬ್ಬರಿನೊಳಗೂ ಎಣ್ಣೆ ಇಂಗುತ್ತದೆ.

ಇನ್ನೊಂದು ಮಾತು. ಪೈಪಿನ ಸುತ್ತ ಮರಳು, ಜಲ್ಲಿ ತುಂಬುತ್ತಾರಲ್ಲ, ಅದೇ ಕೊಳೆಗೆ ದಾರಿ. ಕಾರ್ಖಾನೆ ಜಾಗದ ಕಲುಷಿತ ನೀರು ಆ ಮರಳಿನಗುಂಟ ಹರಿದು ನಮ್ಮ ಮನೆಗಳ ತನಕ ಬರಬಹುದು. ಅದಕ್ಕೆ ಅಲ್ಲಲ್ಲಿ ಜೇಡಿಮಣ್ಣಿನ ಅಡ್ಡಗೋಡೆ ಕಟ್ಟುತ್ತಾರೆ. ಇವೆಲ್ಲಾ ಅಗೆತ ತೆರೆದಿರುವಾಗಲೇ ಆಗಬೇಕು.

ಕೆಳಮನೆ, 2ನೇ ಅಡ್ಡರಸ್ತೆ

ನೀರಿನ ಮಾತು ಸರಿ. ಒಳಚರಂಡಿ ಕಥೆ ಯಾರು ಕೇಳುತ್ತಾರೆ? ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ಪಾತ್ರೆ, ಸ್ನಾನ ಶುರುವಾದರೆ ನಮ್ಮ ಬಚ್ಚಲಿನಲ್ಲಿ ಗಲೀಜು ನೀರು ಉಕ್ಕುತ್ತದೆ. ತೂತಿನ ಮೇಲೆ ಮರಳು ಚೀಲ ಇಟ್ಟು ಮಲಗುತ್ತೇವೆ. ಈಗಲೇ ಹೀಗೆ. ಇನ್ನು ಆ ಕಡೆ ಆರು ಟವರ್ ಬಂದರೆ?

ಟೆರೇಸ್ ಮನೆ, 3ನೇ ಅಡ್ಡರಸ್ತೆ

ಒಂದೇ ದಾರಿ ಅಕ್ಕ. ಎಲ್ಲಾ ಸೇರಿ ಕೆಲಸ ನಿಲ್ಲಿಸೋಣ. ನಾಳೆ ಬೆಳಗ್ಗೆ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಎಷ್ಟು ತುಂಬಿದೆ ಅಂತ ವಿಡಿಯೋ ಮಾಡಿ ಹಾಕುತ್ತೇನೆ.

ನಿವೃತ್ತ ಎಂಜಿನಿಯರ್, 1ನೇ ಅಡ್ಡರಸ್ತೆ

ಬೇಡಪ್ಪಾ. ಮುಚ್ಚಳ ಮುಟ್ಟಬೇಡ, ಕೈ ಮುಗಿದು ಹೇಳುತ್ತೇನೆ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗೇ ಸತ್ತು ಹೋಗಿ ವಾಸನೆ ಗೊತ್ತಾಗುವುದಿಲ್ಲ. ಬಗ್ಗಿ ನೋಡಿದವರು ಹಾಗೇ ಒಳಗೆ ಬಿದ್ದಿದ್ದಾರೆ, ಎತ್ತಲು ಇಳಿದವರೂ ಹೋಗಿದ್ದಾರೆ. ಅದೇ ಅನಿಲ ಕಾಂಕ್ರೀಟ್ ಪೈಪಿನ ನೆತ್ತಿಯಲ್ಲಿ ಗಂಧಕಾಮ್ಲವಾಗಿ ಪೈಪನ್ನು ತಿನ್ನುತ್ತದೆ. ನಮ್ಮ ಪೈಪು ಈಗ ಎಷ್ಟು ಉಳಿದಿದೆ ಅಂತ ಹೇಳಬೇಕಾದದ್ದು ಕ್ಯಾಮೆರಾ. ಒಳಗೆ ಕ್ಯಾಮೆರಾ ಬಿಟ್ಟು ತೋರಿಸಿ, ಮಳೆ ಇಲ್ಲದ ದಿನ ಮತ್ತು ಮಳೆ ದಿನ ಎರಡರಲ್ಲೂ ಹರಿವು ಅಳೆಯಿರಿ ಅಂತ ಇಲಾಖೆಯನ್ನೇ ಕೇಳೋಣ. ಎರಡೂ ದಿನ ಯಾಕೆ ಅಂದರೆ, ಮಳೆ ದಿನ ಹರಿವು ದಿಢೀರ್ ಏರಿದರೆ ಯಾರೋ ಮಳೆನೀರನ್ನು ಒಳಚರಂಡಿಗೆ ಬಿಟ್ಟಿದ್ದಾರೆ ಅಂತ ಅರ್ಥ. ಹಳೇ ಶೆಡ್ಡುಗಳ ಚಾವಣಿ ನೀರು ಹಾಗೆ ಸೇರಿರುವುದು ತೀರಾ ಸಾಮಾನ್ಯ. ಅದನ್ನು ಬಿಡಿಸಿದರೇ ಪೈಪಿನಲ್ಲಿ ಎಷ್ಟೋ ಜಾಗ ಆಗುತ್ತದೆ.

ಪೈಪಿನ ಲೆಕ್ಕವನ್ನೂ ತಿಳಿದಿರಿ. ಅದೇ ಇಳಿಜಾರಿನಲ್ಲಿ 150 ಮಿ.ಮೀ. ಪೈಪಿನ ಬದಲು 200 ಮಿ.ಮೀ. ಹಾಕಿದರೆ ಎರಡು ಪಟ್ಟು ನೀರು ಸಾಗುತ್ತದೆ. ಅಳತೆ 300 ಆದರೆ ಆರು ಪಟ್ಟಿಗೂ ಜಾಸ್ತಿ. ಖರ್ಚಿನ ದೊಡ್ಡ ಪಾಲು ರಸ್ತೆ ಅಗೆದು ಮುಚ್ಚುವುದಕ್ಕೆ ಹೋಗುತ್ತದೆ, ಪೈಪಿಗಲ್ಲ. ಹಾಗಂತ ಸುಮ್ನೆ ದೊಡ್ಡದು ಹಾಕಿ ಅನ್ನಲೂ ಆಗುವುದಿಲ್ಲ. ಕೊಳಚೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಾದರೂ ಹರಿಯದಿದ್ದರೆ ಮಡ್ಡಿ ತಳದಲ್ಲೇ ಕೂರುತ್ತದೆ. ಮೊದಲ ಎರಡು ವರ್ಷ ಒಂದೇ ಟವರ್ ಇದ್ದರೆ ದೊಡ್ಡ ಪೈಪು ಕಟ್ಟಿಕೊಳ್ಳುತ್ತದೆ. ಯಾವ ಟವರ್ ಯಾವಾಗ ತುಂಬುತ್ತದೆ ಅನ್ನುವುದು ನಕ್ಷೆಯಲ್ಲೇ ಇರಬೇಕು ಅನ್ನುವುದು ಇದಕ್ಕೇ.

ಲೇತ್ ಶೆಡ್ ಮಾಲೀಕ, ಹಿಂದಿನ ರಸ್ತೆ

ನಾನೂ ಈ ಗುಂಪಿನಲ್ಲಿ ಇದ್ದೇನೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾರ್ಖಾನೆ ಜಾಗ ಅಂದರೆ ಖಾಲಿ ಜಾಗ ಅಂತ ತಿಳಿಯಬೇಡಿ. ಇನ್ನೂ ಹನ್ನೊಂದು ಶೆಡ್ ನಡೆಯುತ್ತಿವೆ. ನಮಗೆ ತ್ರೀ ಫೇಸ್ ಬೇಕು, ಲಾರಿ ತಿರುಗುವಷ್ಟು ಜಾಗ ಬೇಕು. ಹೊಸ ನಕ್ಷೆಯಲ್ಲಿ ರಸ್ತೆ ಮಧ್ಯೆ ಗಿಡದ ಸಾಲು ತೋರಿಸಿದ್ದಾರೆ. ಕಬ್ಬಿಣದ ಸರಳು ತರುವ ಉದ್ದದ ಲಾರಿ ಅಲ್ಲಿ ತಿರುಗುವುದೇ ಇಲ್ಲ. ನಾಳೆ ಫ್ಲಾಟಿನವರು ಬಂದು ಸದ್ದು ಅಂತ ದೂರು ಕೊಟ್ಟರೆ ನಮ್ಮ ಹುಡುಗರ ಅನ್ನ ಹೋಗುತ್ತದೆ. ಆಮೇಲೆ ಬಂದವರು ಸದ್ದು ತಡೆಯುವ ಕಿಟಕಿ ಹಾಕಿಕೊಳ್ಳಲಿ ಅಂತ ಅನುಮತಿಯಲ್ಲೇ ಬರೆಯಿರಿ ಅನ್ನುವುದು ನನ್ನ ಬೇಡಿಕೆ.

ಕರೆಂಟಿನ ವಿಷಯ. ನಾವು ಹಗಲು ಎಳೆಯುತ್ತೇವೆ, ಮನೆಗಳು ಸಂಜೆ. ಇಬ್ಬರ ಗರಿಷ್ಠವನ್ನೂ ಸುಮ್ನೆ ಕೂಡಿ ಟ್ರಾನ್ಸ್‌ಫಾರ್ಮರ್ ಸಾಲದು ಅಂದರೆ ಲೆಕ್ಕ ತಪ್ಪು. ಆದರೆ ಶೆಡ್ಡೆಲ್ಲಾ ಫ್ಲಾಟಾಗಿ, ಎಲ್ಲರೂ ರಾತ್ರಿ ಕಾರು ಚಾರ್ಜಿಗೆ ಹಾಕಿದರೆ ಸಂಜೆಯ ಹೊರೆಯೇ ದೊಡ್ಡದು. ಗಂಟೆಗಂಟೆಯ ಲೆಕ್ಕ ಕೇಳಿ.

ಮೂಲೆ ಮನೆ, 4ನೇ ಅಡ್ಡರಸ್ತೆ

ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಬೇಡಿಕೆ ನಮ್ಮ ಪತ್ರದಲ್ಲೇ ಹೋಗಲಿ.

ಕೆಲಸ ನಿಲ್ಲಿಸಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಪಾಳು ಶೆಡ್ಡು ಪಾಳಾಗೇ ಇದ್ದರೆ ಆ ಕಪ್ಪು ಮಣ್ಣು ಅಲ್ಲೇ ಇರುತ್ತದೆ, ಅಂತರ್ಜಲಕ್ಕೆ ಇಳಿಯುತ್ತಲೇ ಇರುತ್ತದೆ. ಜನಕ್ಕೂ ಮನೆ ಬೇಕು. ನಾವು ಹಿಡಿಯಬೇಕಾದದ್ದು ಒಂದೇ ಮಾತು: ನೆಲದ ಕೆಳಗಿನ ಕೆಲಸ ಮುಗಿಯದೆ ಮೇಲಿನ ಮನೆಗೆ ಓಸಿ, ಅಂದರೆ ವಾಸಕ್ಕೆ ಅನುಮತಿ ಪತ್ರ, ಕೊಡಬಾರದು.

ಜರ್ಮನಿಯ ಎಂಶರ್ ನದಿಯ ಬಗ್ಗೆ ಓದಿದ್ದೇನೆ. ಕಲ್ಲಿದ್ದಲು ಗಣಿಯಿಂದ ನೆಲ ಕುಸಿಯುತ್ತಿತ್ತು, ನೆಲದಡಿ ಪೈಪು ಹಾಕಿದರೆ ಒಡೆಯುತ್ತಿತ್ತು. ಹಾಗಾಗಿ ನೂರು ವರ್ಷಕ್ಕೂ ಜಾಸ್ತಿ ನದಿಯನ್ನೇ ತೆರೆದ ಚರಂಡಿ ಮಾಡಿಕೊಂಡರು. ಗಣಿ ನಿಂತ ಮೇಲೆ 1992ರಲ್ಲಿ ಕೆಲಸ ಶುರುಮಾಡಿ, 51 ಕಿ.ಮೀ. ಉದ್ದದ ದೊಡ್ಡ ಪೈಪು ನೆಲದಡಿ ಹಾಕಿದರು. ನದಿಗೆ ಕೊಳಚೆ ಪೂರ್ತಿ ನಿಂತದ್ದು 2021ರ ಕೊನೆಗೆ. ಮೂವತ್ತು ವರ್ಷ! ಕೆಳಗಿನದನ್ನು ಆಮೇಲೆ ಮಾಡೋಣ ಅಂದರೆ ಇಷ್ಟು ಕಾಲ ಹಿಡಿಯುತ್ತದೆ.

ಬಾರ್ಸಿಲೋನಾದ ಪೊಬ್ಲೆನೋ ಕೂಡ ಹಳೇ ಗಿರಣಿ ಪ್ರದೇಶ. 2000ದಲ್ಲಿ ಸುಮಾರು 200 ಹೆಕ್ಟೇರಿಗೆ ಒಟ್ಟಾಗಿ ಯೋಜನೆ ಮಾಡಿದರು. ಒಂದೊಂದು ಸೈಟಿಗೆ ಒಂದೊಂದು ಪೈಪು ಅಂತಲ್ಲ, ಇಡೀ ಪ್ರದೇಶಕ್ಕೆ ಒಂದೇ ನಕ್ಷೆ. ಜಾಸ್ತಿ ಕಟ್ಟಲು ಅನುಮತಿ ಪಡೆದ ಮಾಲೀಕರು ಜಾಗವನ್ನೂ ಬಿಡಬೇಕು, ರಸ್ತೆ ಪೈಪುಗಳ ಖರ್ಚಿಗೂ ಪಾಲು ಕೊಡಬೇಕು. ನಮಗೆ ಇದೇ ಬೇಕು.

ಕೆಳಮನೆ, 2ನೇ ಅಡ್ಡರಸ್ತೆ

ಮುಂಬೈಯ ಗಿರಣಿ ಜಾಗದ ಕಥೆಯನ್ನೂ ಸೇರಿಸಿ. 1991ರ ನಿಯಮದಲ್ಲಿ ಮೂರನೇ ಒಂದು ಪಾಲು ಬಯಲಿಗೆ, ಇನ್ನೊಂದು ಪಾಲು ಸರ್ಕಾರಿ ವಸತಿಗೆ ಅಂತ ಇತ್ತು. 2001ರಲ್ಲಿ ತಿದ್ದಿ, ಕಟ್ಟಡ ಇಲ್ಲದ ಖಾಲಿ ಜಾಗದಲ್ಲಿ ಮಾತ್ರ ಪಾಲು ಅಂದರು. ಬಯಲು ಎಷ್ಟೋ ಕಡಿಮೆಯಾಯಿತು. ಗಿರಣಿ ಹೋಗಿ ಆಫೀಸು ಬಂದವು, ರೈಲು ನಿಲ್ದಾಣದ ಕಾಲುಸೇತುವೆ ಮಾತ್ರ ಹಾಗೇ ಇಕ್ಕಟ್ಟು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಆ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ನಮ್ಮ ಮಕ್ಕಳು ಶಾಲೆಗೆ ಹೋಗುವುದು ರೈಲು ಹಳಿಯಡಿಯ ಆ ಸಣ್ಣ ಕೆಳಸೇತುವೆಯಿಂದ. ನೆನಪಿಸಿಕೊಂಡರೆ ಎದೆ ಹೊಡೆದುಕೊಳ್ಳುತ್ತದೆ. ಅದರ ಅಗಲ ಪತ್ರದಲ್ಲಿ ಬರಲೇಬೇಕು.

ಟೆರೇಸ್ ಮನೆ, 3ನೇ ಅಡ್ಡರಸ್ತೆ

ಸರಿ ಅಕ್ಕ, ಒಪ್ಪಿದೆ. ಮ್ಯಾನ್‌ಹೋಲ್ ಮುಟ್ಟುವುದಿಲ್ಲ ಸರ್. ಮಳೆನೀರಿಗೆ ಇಂಗುಗುಂಡಿ ತೋಡಿಸಿ ಅಂತ ಬರೆಯೋಣವಾ? ರಸ್ತೆ ಮೇಲೆ ನಿಲ್ಲುವುದು ತಪ್ಪುತ್ತದೆ.

ನಿವೃತ್ತ ಎಂಜಿನಿಯರ್, 1ನೇ ಅಡ್ಡರಸ್ತೆ

ಬೇರೆ ಕಡೆ ಆಗಿದ್ದರೆ ನಾನೇ ಹೇಳುತ್ತಿದ್ದೆ. ಒಂದು ಎಕರೆ ಕಾಂಕ್ರೀಟ್ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಅದನ್ನು ಹಿಡಿಯಲೇಬೇಕು. ಆದರೆ ಕೊಳೆ ಇರುವ ಮಣ್ಣಿನಲ್ಲಿ ಇಂಗಿಸಿದರೆ ಆ ಕೊಳೆಯನ್ನು ನಾವೇ ತೊಳೆದು ಅಂತರ್ಜಲಕ್ಕೆ ಕಳಿಸಿದ ಹಾಗೆ. ಮಣ್ಣು ಶುದ್ಧ ಅಂತ ಪರೀಕ್ಷೆ ಆದ ಕಡೆ ಇಂಗಿಸಲಿ. ಉಳಿದ ಕಡೆ ತಳಕ್ಕೆ ಹಾಳೆ ಹಾಸಿದ ತೊಟ್ಟಿಯಲ್ಲಿ ಹಿಡಿದು ನಿಧಾನಕ್ಕೆ ಬಿಡಲಿ.

ಎಲ್ಲಿ ಪರೀಕ್ಷೆ ಮಾಡಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಕಾಗದದ ನಕ್ಷೆಯಲ್ಲಿ ಹಳೇ ತೊಟ್ಟಿಗಳು ಇರುವುದಿಲ್ಲ.

ಲೇತ್ ಶೆಡ್ ಮಾಲೀಕ, ಹಿಂದಿನ ರಸ್ತೆ

ಅದು ನಮ್ಮವರಿಗೆ ಗೊತ್ತು. ಲೋಹಕ್ಕೆ ಕ್ರೋಮ್ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದ ಯಜಮಾನರೊಬ್ಬರು ಇಲ್ಲೇ ಇದ್ದಾರೆ. ಕ್ರೋಮ್ ತೊಟ್ಟಿಯ ಹಳದಿ ನೀರು ಎಲ್ಲಿಗೆ ಹೋಗುತ್ತಿತ್ತು, ಡೀಸೆಲ್ ಟ್ಯಾಂಕ್ ಎಲ್ಲಿ ಹೂತಿದ್ದಾರೆ ಅಂತ ಹೆಜ್ಜೆ ಎಣಿಸಿ ತೋರಿಸುತ್ತಾರೆ. ಈಗ ಫೋನ್ ಮಾಡಿದ್ದೆ. ಭಾನುವಾರ ಬೆಳಗ್ಗೆ ಏಳಕ್ಕೆ ಬರುತ್ತೇನೆ ಅಂದರು.

ಸಂಘದ ಕಾರ್ಯದರ್ಶಿ

ಹಾಗಾದರೆ ಪತ್ರ ಹೀಗೆ ಹೋಗಲಿ. ತೆರೆದ ಅಗೆತ ಮುಚ್ಚುವ ಮೊದಲು ಮಣ್ಣಿನ ಪರೀಕ್ಷೆ ಮಾಡಿ, ಕುಡಿಯುವ ನೀರಿಗೆ ತಕ್ಕ ಪೈಪು ಹಾಕಿ ಅನ್ನುವುದು ಮೊದಲು, ಯಾಕೆಂದರೆ ಅದು ಈ ವಾರವೇ ಆಗಬೇಕು. ಆಮೇಲೆ ಕ್ಯಾಮೆರಾ ವರದಿ, ಹರಿವಿನ ಅಳತೆ, ಟ್ರಾನ್ಸ್‌ಫಾರ್ಮರಿನ ಗಂಟೆಗಂಟೆಯ ಲೆಕ್ಕ, ಲಾರಿ ದಾರಿ, ಫ್ಲಾಟುಗಳಿಗೆ ಸದ್ದು ತಡೆಯುವ ಕಿಟಕಿ, ಕೆಳಸೇತುವೆ. ಇಡೀ ಪ್ರದೇಶಕ್ಕೆ ಒಂದೇ ನಕ್ಷೆ, ಖರ್ಚಿನಲ್ಲಿ ಕಟ್ಟುವವರ ಪಾಲು. ಪ್ರತಿ ಹಂತಕ್ಕೂ ಓಸಿಯನ್ನು ಆ ಹಂತದ ಪೈಪಿಗೆ ಕಟ್ಟಿಹಾಕಬೇಕು. ಒಳಚರಂಡಿ ಉಕ್ಕಿದ ಮನೆಯವರು ದಿನ, ಗಂಟೆ ಬರೆದು ಫೋಟೋ ಸಮೇತ ನನಗೆ ಕಳಿಸಿ. ಸಹಿಗೆ ನಾಳೆ ಸಂಜೆ ನಾನು ಮನೆಮನೆಗೆ ಬರುತ್ತೇನೆ.

ಮೂಲೆ ಮನೆ, 4ನೇ ಅಡ್ಡರಸ್ತೆ

ಈಗಷ್ಟೇ ಹೋಗಿ ನೋಡಿಕೊಂಡು ಬಂದೆ. ಅಗೆತ ಇನ್ನೂ ತೆರೆದಿದೆ, ಪೈಪಿನ ಮೇಲೆ ಮಣ್ಣು ಎಳೆದಿಲ್ಲ. ಅಂಚಿನಲ್ಲಿ ನಿಂತು ನಾಲ್ಕು ಫೋಟೋ ತೆಗೆದಿದ್ದೇನೆ, ಕಾರ್ಯದರ್ಶಿಗಳಿಗೆ ಕಳಿಸಿದೆ. ಭಾನುವಾರಕ್ಕೆ ಅಳತೆ ಟೇಪು, ಸುಣ್ಣದ ಪುಡಿ ನಾನು ತರುತ್ತೇನೆ. ಯಜಮಾನರಿಗೆ ಕೂರಲು ಯಾರಾದರೂ ಒಂದು ಕುರ್ಚಿ ತನ್ನಿ.