ಎಡ ಮುಂದಿನ ಟೈರಿನ ಒಳ ಅಂಚಷ್ಟೇ ಸವೆಯುತ್ತಿದೆ. ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುತ್ತಿಲ್ಲ

ಪ್ರಶ್ನೆ (ಕೋಥರೂಡ್, ಪುಣೆ)

ನಮಸ್ಕಾರ. ನನ್ನದು ಆರು ವರ್ಷದ ಸಣ್ಣ ಪೆಟ್ರೋಲ್ ಕಾರು. ನಗರದ ಓಡಾಟದ ಜೊತೆಗೆ ತಿಂಗಳಿಗೊಮ್ಮೆ ಸಾತಾರಾ, ಕೊಲ್ಹಾಪುರ ಮಾರ್ಗವಾಗಿ ಧಾರವಾಡಕ್ಕೆ ಹೋಗಿಬರುತ್ತೇನೆ. ಕಳೆದ ವಾರ ಪಂಕ್ಚರ್ ಆಗಿ ಚಕ್ರ ಬಿಚ್ಚಿದಾಗ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಎಡ ಮುಂದಿನ ಟೈರಿನ ಒಳ ಅಂಚು ಎರಡು ಬೆರಳಗಲ ಬೋಳಾಗಿ, ಒಂದು ಕಡೆ ತಂತಿಯ ಎಳೆಯೂ ಇಣುಕುತ್ತಿತ್ತು. ಬಲ ಟೈರು ಸರಿಯಾಗಿದೆ. ಓಡಿರುವುದು 22,000 ಕಿ.ಮೀ. ಮಾತ್ರ. ಎಂಟು ತಿಂಗಳಲ್ಲಿ ಎರಡು ಬಾರಿ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದ್ದೇನೆ, ಸ್ಟಿಯರಿಂಗ್ ಯಾವ ಕಡೆಗೂ ಎಳೆಯುವುದಿಲ್ಲ. ಅಂಗಡಿಯವರು ಗಾಳಿ ಕಡಿಮೆಯಾದದ್ದೇ ಕಾರಣವೆಂದು ಹೇಳಿ ಹೊಸ ಟೈರ್ ಹಾಕಿಸಲು ಸೂಚಿಸಿದ್ದಾರೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಚಿಂಚವಾಡ)

ಗಾಳಿ ಕಡಿಮೆಯಿದ್ದರೆ ಎರಡೂ ಅಂಚುಗಳು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ ಸವೆಯುತ್ತದೆ; ಒಳ ಅಂಚೊಂದೇ ಹೋಗುವುದಿಲ್ಲ. ಸ್ಟಿಯರಿಂಗ್ ಎಳೆಯದಿರುವುದೂ ಎಲ್ಲ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಟೈರಿನ ಮೈಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಾಕಿದರೆ ಅದು ಟೋ ದೋಷ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿದೆ ಎಂದರ್ಥ. ಇದು ಸಾಮಾನ್ಯವಾಗಿ ಎರಡೂ ಮುಂದಿನ ಟೈರುಗಳನ್ನು ತಿನ್ನುತ್ತದೆ. ಗರಗಸವಿಲ್ಲದೆ ಇಳಿಜಾರಿನಂತೆ ಸವೆದಿದ್ದರೆ ಕ್ಯಾಂಬರ್ ಅನ್ನು, ಎಂದರೆ ಚಕ್ರದ ತಲೆ ಒಳಕ್ಕೆ ವಾಲಿರುವುದನ್ನು, ಅನುಮಾನಿಸಬೇಕು. ತಮ್ಮಲ್ಲಿ ಒಂದೇ ಬದಿ ಹೋಗಿರುವುದರಿಂದ ನನ್ನ ಅನುಮಾನ ಇದರ ಮೇಲೆಯೇ. ಗುಂಡಿ, ಚರಂಡಿಯ ಮುಚ್ಚಳ, ರಸ್ತೆಯ ಮುರುಕು ಅಂಚು ಎಲ್ಲವೂ ಹೆಚ್ಚಾಗಿ ಎಡಚಕ್ರಕ್ಕೇ ಸಿಗುವುದು.

ಬಹುತೇಕ ಸಣ್ಣ ಕಾರುಗಳಲ್ಲಿ ಮುಂದೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತಿರುಗಿಸಿ ಟೋ ಮಾತ್ರ ಸರಿಪಡಿಸಬಹುದು, ಕ್ಯಾಂಬರ್‌ಗೆ ತಿರುಪೇ ಇರುವುದಿಲ್ಲ. ಯಂತ್ರದ ಪರದೆಯಲ್ಲಿ ಕ್ಯಾಂಬರ್ ಕೆಂಪು ತೋರಿಸಿದರೂ ಕೆಲಸಗಾರ ಟೋ ಹಸಿರು ಮಾಡಿ ಹಣ ಪಡೆದು ಕಳುಹಿಸಿಬಿಡುತ್ತಾನೆ. ಮೊದಲಿನ ಮತ್ತು ನಂತರದ ಅಳತೆಗಳ ಮುದ್ರಿತ ಚೀಟಿಯನ್ನು ಕೇಳಿ ಪಡೆಯಿರಿ.

ಉತ್ತರ (ಫೋಂಡಾ, ಗೋವಾ)

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಅಳತೆಗೆ ಮುನ್ನ ಕಾರನ್ನು ಎತ್ತಿಸಿ ಚಕ್ರವನ್ನು ಹಿಡಿದಿರುವ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್ ತುದಿ, ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳನ್ನು ಅಲುಗಾಡಿಸಿ ನೋಡಬೇಕು. ಅವು ಸಡಿಲವಿದ್ದರೆ ಇಂದು ಕೂಡಿಸಿದ ಅಳತೆ ನಾಳೆಯ ಗುಂಡಿಯಲ್ಲಿ ತಪ್ಪುತ್ತದೆ. ತಂತಿ ಕಾಣುವ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ. ಕಾನೂನಿನ ಕನಿಷ್ಠ ತೋಡಿನ ಆಳವೇ 1.6 ಮಿ.ಮೀ. ಇದೆ. ದುರಸ್ತಿ ಮೊದಲು, ಹೊಸ ಟೈರ್ ಮತ್ತು ತಣ್ಣಗಿರುವಾಗ ತುಂಬಿದ ಸರಿಯಾದ ಗಾಳಿ ಆಮೇಲೆ, ಅಲೈನ್‌ಮೆಂಟ್ ಕೊನೆಗೆ. ಈ ಕ್ರಮ ತಪ್ಪಿಸಿ ನಾನೇ ಒಮ್ಮೆ ಒಂದು ಜೋಡಿ ಟೈರ್ ಹಾಳುಮಾಡಿಕೊಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಇಬ್ಬರಿಗೂ ಕೃತಜ್ಞತೆಗಳು. ಅಂಗೈಗೆ ಗರಗಸ ತಾಕಲಿಲ್ಲ. ಬೇರೊಂದು ಕಡೆ ಅಳೆಸಿದಾಗ ಎಡ ಕ್ಯಾಂಬರ್ ಮೈನಸ್ 1.9 ಡಿಗ್ರಿ (ಮೈನಸ್ ಎಂದರೆ ಒಳಕ್ಕೆ ವಾಲಿದೆ ಎಂದರ್ಥ), ಬಲದ್ದು ಮೈನಸ್ 0.6 ಎಂದು ಚೀಟಿಯಲ್ಲಿ ಬಂತು. ಎಡ ಸ್ಟ್ರಟ್ (ಚಕ್ರದ ಮೇಲಿನ, ಸ್ಪ್ರಿಂಗ್ ಹೊತ್ತ ಕಂಬ) ತುಸು ಬಾಗಿತ್ತು. ಜೊತೆಗೆ ಬುಷ್ ಒಂದು ಹರಿದಿತ್ತು. ಎರಡನ್ನೂ ಬದಲಿಸಿದ ಮೇಲೆ ಎಡದ ಅಳತೆ ಮೈನಸ್ 0.7ಕ್ಕೆ ಬಂದಿದೆ. ಮಳೆಗಾಲದಲ್ಲಿ ಕಾತ್ರಜ್ ಬಳಿ ನೀರು ತುಂಬಿದ ಗುಂಡಿಗೆ ಎಡಚಕ್ರ ಧಡ್ಡನೆ ಇಳಿದದ್ದು ನೆನಪಿದೆ; ಅಂದು ಇಳಿದು ರಿಮ್ ಮಾತ್ರ ನೋಡಿದ್ದೆ.